ಹನ್ನೊಂದನೇ ಹಾಡು

ಹನ್ನೊಂದನೇ ಹಾಡಿನ ಎರಡನೇ ಸಾಲಿಗೆ ಟೈಪಮ್ಮನ ಬೆರಳುಗಳು ನಿಂತವು. ಹಾಡನ್ನು ಹಿಂದಕ್ಕೆಳೆದು ಮತ್ತೊಮ್ಮೆ ಕೇಳಿದಳು. ಹೆಡ್‌ಫೋನ್ ತೆಗೆದು, ವೈರು ಸರಿಯಾಗಿ ಕೂತಿದೆಯೇ ಅಂತ ನೋಡಿ, ಕಿವಿಗೆ ಹಾಕಿಕೊಂಡು ಮೂರನೇ ಸಲ ಕೇಳಿದಳು. ವೈರಿನದೇನೂ ತಪ್ಪಿರಲಿಲ್ಲ. ಹಾಡುತ್ತಿದ್ದವನು ಅವಳ ಮಗ, ಹಾಡುತ್ತಿದ್ದುದು ಅವಳ ಗಂಡನ ದನಿಯಲ್ಲಿ. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು.

ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಮೂರು ಗಂಟೆಗೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ಹನ್ನೆರಡು ಹಾಡುಗಳ ಹಾಳೆಗಳೂ ಮೇಜಿನ ಮೇಲಿರಬೇಕು.

ಆ ರೇಡಿಯೋ ಕೇಂದ್ರದಲ್ಲಿ ಅವಳದು ವಿಚಿತ್ರವಾದ ಕೆಲಸ. ವಾರಕ್ಕೊಂದು ದಿನ ಹೊಸ ಹುಡುಗ ಹುಡುಗಿಯರ ರ‍್ಯಾಪ್ ಹಾಡುಗಳನ್ನು ಒಂದು ಗಂಟೆ ಹಾಕುತ್ತಾರೆ. ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಅಂತ ತೀರ್ಮಾನ ಮಾಡಲು ಮೂರು ಜನರ ಸಮಿತಿ. ಮೂವರ ವಯಸ್ಸು ಕೂಡಿಸಿದರೆ ಇನ್ನೂರು ದಾಟುತ್ತದೆ. ಈ ಹುಡುಗರು ಹಾಡುವ ವೇಗಕ್ಕೆ ಅವರ ಕಿವಿ ಓಡುವುದಿಲ್ಲ. "ಮಾತು ಅಗಿಯೋದಕ್ಕೆ ಮೊದಲೇ ಗಂಟಲಿಗೆ ಇಳಿಸ್ತಾರಲ್ರೀ" ಅಂತ ಅಧ್ಯಕ್ಷರು ಮೊದಲ ದಿನವೇ ಗೊಣಗಿದ್ದರು. ಹಾಗಾಗಿ ಹಾಡು ಕೇಳಿ ತೀರ್ಪು ಕೊಡುವ ರಗಳೆಯೇ ಬೇಡ, ಬರೆದು ಕೊಡಿ, ಓದಿ ತೀರ್ಪು ಕೊಡುತ್ತೇವೆ ಅಂತಾಯಿತು. ಎಂಟು ವರ್ಷದಿಂದ ಹಾಡುಗಳನ್ನು ಕೇಳುವವಳು ಟೈಪಮ್ಮ ಒಬ್ಬಳೇ. ಸಮಿತಿ ಓದುತ್ತದೆ, ಅಷ್ಟೆ.

ಕೆಟ್ಟ ಮಾತು ಬಂದ ಕಡೆ ಮೊದಲ ಅಕ್ಷರ ಬರೆದು ಮುಂದಕ್ಕೆ ಚುಕ್ಕೆ ಇಡುವ ಪದ್ಧತಿ ಅವಳದೇ. ಆ ಮಾತುಗಳನ್ನು ಪೂರ್ತಿ ಟೈಪ್ ಮಾಡಲು ಅವಳ ಕೈ ಬರುತ್ತಿರಲಿಲ್ಲ. ಎಷ್ಟು ಸಭ್ಯ ಹೆಂಗಸು, ಹಾಗೆ ನೋಡಿದರೆ ಎಂಥವರ ಹೆಂಡತಿ ಅಂತ ಅಧ್ಯಕ್ಷರು ಮೆಚ್ಚಿಕೊಂಡಿದ್ದರು. ಆದರೆ ಚುಕ್ಕೆ ಇಟ್ಟರೆ ಮಾನ ಉಳಿಯುತ್ತದೆ ಅನ್ನುವುದು ಅವಳ ಭ್ರಮೆ. ಸಮಿತಿಯವರು ಹಾಳೆ ಹಿಡಿದು ಪದಬಂಧ ಬಿಡಿಸುವವರ ಹಾಗೆ ಕೂತುಬಿಡುತ್ತಿದ್ದರು. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದ ಅಧ್ಯಕ್ಷರಿಗೆ ಒಂದೊಂದು ಅಕ್ಷರಕ್ಕೂ ಮೂರು ಮೂರು ಬೈಗುಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಕೂರುವ ವಕೀಲರು, ಕೋರ್ಟಿನಲ್ಲಿ ನಲವತ್ತು ವರ್ಷ ಕಳೆದರೂ ಇದರಲ್ಲಿ ಅರ್ಧ ಕೇಳಿಲ್ಲವಲ್ಲ ಅಂತ ಬೆರಗಾಗುತ್ತಿದ್ದರು. ಮೂರನೆಯವರಾದ ಡಾಕ್ಟರಮ್ಮ ಇಬ್ಬರನ್ನೂ ಗದರಿಸುತ್ತಿದ್ದರು. ಪಾಪ, ಆ ಹುಡುಗರು ಅಂದದ್ದಕ್ಕಿಂತ ಈ ಹಿರಿಯರು ಊಹಿಸಿದ್ದೇ ಹೆಚ್ಚು ಹೊಲಸಾಗಿರುತ್ತಿತ್ತು. ಟೈಪಮ್ಮ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ನಡಾವಳಿ ಬರೆದುಕೊಳ್ಳುತ್ತಿದ್ದಳು.

ಈಗ ಅವಳ ಕಿವಿಯಲ್ಲಿ ಮಗ ಹಾಡುತ್ತಿದ್ದ. ಹಾಡುವವರ ಅಸಲಿ ಹೆಸರು ಅರ್ಜಿಯ ಜೊತೆ ಲಕೋಟೆಯಲ್ಲಿರುತ್ತದೆ, ತೀರ್ಮಾನವಾಗುವ ತನಕ ಯಾರೂ ಒಡೆಯುವ ಹಾಗಿಲ್ಲ. ಹಾಳೆಯ ಮೇಲೆ ಬರುವುದು ಹಾಡುಗಾರ ತಾನೇ ಇಟ್ಟುಕೊಂಡ ಹೆಸರು. ಇವನದು 'ಪಕ್ಕದ್ಮನೆ' ಅಂತಿತ್ತು. ಲೈಬ್ರರಿಗೆ ಹೋಗ್ತೀನಿ ಅಂತ ಮೂರು ತಿಂಗಳಿಂದ ದಿನಾ ಸಂಜೆ ಹೊರಟವನು ಎಲ್ಲಿಗೆ ಹೋಗುತ್ತಿದ್ದ ಅಂತ ಈಗ ಗೊತ್ತಾಯಿತು. ಹಾಡು ಹೀಗಿತ್ತು:

"ನಮಸ್ಕಾರ. ವಾರ್ತೆಗಳು. ಓದುತ್ತಿರುವವರು ಮನೆಯ ಯಜಮಾನರು.
ಮುಖ್ಯಾಂಶ. ಅಡುಗೆಗೆ ಉಪ್ಪು ಜಾಸ್ತಿ, ಮುಂಡೆಗೆ ಸೊಕ್ಕು ಜಾಸ್ತಿ,
ಬಾಗಿಲು ತೆಗೆಯೋದು ತಡ ಆಯ್ತು, ಬೋಳಿಗೆ ಇವತ್ತು ಶಾಸ್ತಿ.
ಹವಾಮಾನ. ಅಡುಗೆಮನೆಯಲ್ಲಿ ಗುಡುಗು, ಕೆನ್ನೆಯ ಮೇಲೆ ಸಿಡಿಲು,
ನಾಳೆ ಮೋಡವಿಲ್ಲ, ಮಳೆಯಿಲ್ಲ, ಮುಚ್ಚಿಯೇ ಇರಲಿ ಬಾಗಿಲು."

ಅಲ್ಲಿಂದ ಮುಂದೆ ಇನ್ನೂ ಇತ್ತು. ಸೂಳೆ ಅನ್ನುವ ಮಾತು ನಾಲ್ಕು ಸಲ ಬಂತು. ಅವಳ ತವರಿನವರ ಮೇಲೆ, ಅವಳ ಮೈ ಮೇಲೆ, ಒಂದೊಂದು ಸಾಲು ಬಂತು. ಎಲ್ಲವೂ ಗಂಡ ಆಡಿದ್ದು ಆಡಿದ ಹಾಗೇ. ಬೈಗುಳ ಮುಗಿದ ಮೇಲೆ ತಾಳ ನಿಂತು, ಮಗ ತನ್ನದೇ ದನಿಯಲ್ಲಿ ಮೆಲ್ಲಗೆ ಅಂದಿದ್ದ:

"ಕೇಳುಗರ ಸಂಖ್ಯೆ ಒಂದು. ಹೊದಿಕೆಯೊಳಗೆ ಒಂದು.
ಕಣ್ಣು ಮುಚ್ಚೋದು ಗೊತ್ತಿತ್ತು, ಕಿವಿ ಮುಚ್ಚೋದು ಕಲೀಲಿಲ್ಲ ಇಂದಿಗೂ."

ಟೈಪಮ್ಮ ಹೆಡ್‌ಫೋನ್ ತೆಗೆದಿಟ್ಟು ನೀರು ಕುಡಿದಳು.

ಅವಳ ಗಂಡ ಇದೇ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಸಂಜೆ ಏಳರ ವಾರ್ತೆ ಓದಿದವರು. ಜನ ಅವರನ್ನು ವಾರ್ತೆಯವರು ಅಂತಲೇ ಕರೆಯುತ್ತಿದ್ದರು. ಅವರ ನಮಸ್ಕಾರ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಿದ್ದವು. ಒಂದು ದಿನವೂ ನಾಲಿಗೆ ತೊಡರಿದ್ದಿಲ್ಲ, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಜಾತಿ. ಮನೆಗೆ ಬಂದ ಮೇಲೂ ಅವರ ದನಿ ಏರುತ್ತಿರಲಿಲ್ಲ, ಅದೇ ಭಯ. ಏಳರ ವಾರ್ತೆಯ ದನಿಯಲ್ಲೇ, ಅಷ್ಟೇ ಸ್ಪಷ್ಟವಾಗಿ, ವಿರಾಮ ಚಿಹ್ನೆ ಇಟ್ಟು ಬೈಯುತ್ತಿದ್ದರು. ಗೋಡೆಯಾಚೆಯವರು ರೇಡಿಯೋ ಹಚ್ಚಿದ್ದಾರೆ ಅಂದುಕೊಂಡಿರಬೇಕು. ಗಟ್ಟಿಮುಟ್ಟಾಗಿ ಕೂತು ಉಣ್ಣುತ್ತಲೇ ಹೆಂಡತಿಯನ್ನು ಮುಂಡೆ ಅನ್ನುವ ಗಂಡಸಿಗೆ, ಆ ಮಾತು ನಿಜವಾಗಬೇಕಾದರೆ ಮೊದಲು ತಾನೇ ಸಾಯಬೇಕು ಅನ್ನುವ ಬುದ್ಧಿಯಾದರೂ ಬೇಡವೇ. ಕಡೆಗೆ ಎದೆನೋವಿನ ನೆಪದಲ್ಲಿ ಹೋದರು. ಕೇಂದ್ರದವರು ಕನಿಕರಪಟ್ಟು ಹೆಂಡತಿಗೆ ಟೈಪಿಂಗ್ ಕೆಲಸ ಕೊಟ್ಟರು. ಮೊದಲ ದಿನದಿಂದಲೂ ಅವಳಿಗೆ ಸಿಕ್ಕ ಮರ್ಯಾದೆಯೆಲ್ಲ ವಾರ್ತೆಯವರ ಹೆಂಡತಿ ಅನ್ನುವ ಮರ್ಯಾದೆ.

ಆಗೆಲ್ಲ ಮಗ ಮಲಗಿರುತ್ತಾನೆ ಅಂತ ಅವಳು ನಂಬಿದ್ದಳು. ಅದೊಂದೇ ಸಮಾಧಾನ ಅವಳಿಗಿದ್ದದ್ದು. ಗಂಡ ಹೋದ ಮೇಲೂ ಮಗನಿಗೆ ಬುದ್ಧಿ ಹೇಳುವಾಗೆಲ್ಲ ನಿಮ್ಮಪ್ಪನ ಬಾಯಲ್ಲಿ ಒಂದು ಕೆಟ್ಟ ಮಾತು ಬಂದಿದ್ದಿಲ್ಲ ಕಣೋ ಅಂತಲೇ ಶುರುಮಾಡುತ್ತಿದ್ದಳು. ಅವನು ಹೂಂ ಅನ್ನುತ್ತಿದ್ದ. ಒಂಬತ್ತು ವರ್ಷ ಹೂಂ ಅಂದಿದ್ದ. ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು.

ಎದ್ದು ಹಿಂಬದಿಯ ಮೆಟ್ಟಿಲ ಹತ್ತಿರ ಹೋಗಿ ಮಗನಿಗೆ ಫೋನ್ ಮಾಡಿದಳು. ಕಾಲೇಜಿನ ಗಲಾಟೆ ಕೇಳಿಸುತ್ತಿತ್ತು. ಊಟ ಆಯ್ತೇನೋ ಅಂದಳು. ಆಯ್ತು ಅಂದ.

"ಎಷ್ಟನೇ ಹಾಡಲ್ಲಿದ್ದೀಯಮ್ಮ?" ಅಂತ ಅವನೇ ಕೇಳಿದ.

ಅಂದರೆ ಇವನಿಗೆ ಗೊತ್ತು. ಸಮಿತಿಗೂ ಮೊದಲು ಈ ಹಾಡು ಯಾರ ಕಿವಿಗೆ ಬೀಳುತ್ತದೆ ಅಂತ ಗೊತ್ತಿದ್ದೇ ಕಳಿಸಿದ್ದಾನೆ.

"ಇನ್ನೂ ಹತ್ತನೇದು" ಅಂತ ಸುಳ್ಳು ಹೇಳಿದಳು.

ಸರಿ ಅಂದು ಅವನು ಫೋನ್ ಇಟ್ಟ.

ವಾಪಸು ಬಂದು ಕೂತಾಗ ಒಂದು ಗಂಟೆ ಹತ್ತು ನಿಮಿಷ. ಹೋದ ತಿಂಗಳಿನ ಪತ್ರ ಅವಳಿಗೆ ನೆನಪಾಯಿತು. ಹೆಂಗಸರನ್ನು ಹೀನಾಯವಾಗಿ ಬೈದು ಹಾಡಿದ್ದಾನೆ ಅಂತ ಒಬ್ಬ ಹುಡುಗನ ಲಕೋಟೆ ಒಡೆಸಿ, ಸಮಿತಿ ಅವನ ಕಾಲೇಜಿಗೆ ಪತ್ರ ಬರೆದಿತ್ತು. ಕಾಲೇಜಿನವರು ಅವನನ್ನು ಕೊನೇ ಪರೀಕ್ಷೆಗೆ ಕೂರಿಸಲಿಲ್ಲ. ಪತ್ರ ಟೈಪ್ ಮಾಡಿದ್ದು ಇವಳೇ. ತಕ್ಕ ಶಾಸ್ತಿಯಾಯಿತು ಅಂತ ಮನಸ್ಸಿನಲ್ಲೇ ಅಂದುಕೊಂಡೂ ಇದ್ದಳು. ಅವಳ ಮಗನ ಕೊನೇ ಪರೀಕ್ಷೆಗೆ ಇನ್ನು ಹನ್ನೆರಡು ದಿನ.

ಹಾಳೆಯನ್ನೇ ಕಳೆದುಬಿಡೋಣ ಅಂದುಕೊಂಡಳು. ಪಟ್ಟಿಯಲ್ಲಿ ಹನ್ನೆರಡು ಅಂತಿದೆ. ಮಾತುಗಳನ್ನೇ ಬದಲಾಯಿಸಿ ಬೇರೆ ಏನಾದರೂ ಬರೆಯೋಣ ಅಂದುಕೊಂಡಳು. ಪ್ರಾಸ ಹಾಕಿ ಬರೆಯುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆದರೆ, ವಾರ್ತೆಗಳು, ಮುಖ್ಯಾಂಶ, ಹವಾಮಾನ ಅಂತ ಓದಿದ ಕೂಡಲೇ ಅಧ್ಯಕ್ಷರಿಗೆ ಯಾರ ಮನೆಯ ಕಥೆ ಅಂತ ಹೊಳೆಯುತ್ತದೆ. ಅವರು ವಾರ್ತೆಯವರ ಜೀವದ ಗೆಳೆಯರು. ಇಪ್ಪತ್ತಾರು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು. ಅದಕ್ಕಿಂತ ಹೆಚ್ಚಾಗಿ, ನೀನು ಇಷ್ಟೆಲ್ಲ ಅನ್ನಿಸಿಕೊಂಡು ಬದುಕಿದವಳಾ ಅಂತ ಮೂವರೂ ತನ್ನನ್ನು ನೋಡುತ್ತಾರೆ.

ಕೊನೆಗೆ ಅವಳಿಗೆ ಗೊತ್ತಿದ್ದ ಕೆಲಸವನ್ನೇ ಅವಳು ಮಾಡಿದಳು. ಚುಕ್ಕೆ ಇಟ್ಟಳು. ಬೈಗುಳಗಳಿಗೆ ಹೇಗೂ ಇಡಬೇಕಿತ್ತು. ಆಮೇಲೆ ವಾರ್ತೆಗೂ ಇಟ್ಟಳು, ಮುಖ್ಯಾಂಶಕ್ಕೂ ಹವಾಮಾನಕ್ಕೂ ಇಟ್ಟಳು. ಯಜಮಾನರಿಗೆ ಇಟ್ಟಳು. ಕೈಗೆ ಒಮ್ಮೆ ರುಚಿ ಹತ್ತಿದ್ದೇ, ಮನೆಯ ಗುರುತು ಹತ್ತಬಾರದು ಅಂತ ಅಡುಗೆಮನೆಗೂ, ಕೆನ್ನೆಗೂ, ಬಾಗಿಲಿಗೂ, ಹೊದಿಕೆಗೂ ಇಟ್ಟಳು. ಎರಡೂವರೆಗೆ ಹಾಳೆ ಹೊರಬಂದಾಗ ಅದರಲ್ಲಿ ಅಕ್ಷರಕ್ಕಿಂತ ಚುಕ್ಕೆಗಳೇ ಹೆಚ್ಚಿದ್ದವು. ಇನ್ನು ಯಾರಿಗೂ ಏನೂ ತಿಳಿಯುವುದಿಲ್ಲ ಅಂತ ಉಸಿರು ಬಿಟ್ಟಳು. ಬುದ್ಧಿವಂತೆಯೇ ಹೌದು, ಆದರೆ ಹೆದರಿದವರ ಬುದ್ಧಿ ಮೊಣಕಾಲ ಕೆಳಗಿರುತ್ತದೆ.

ಮೂರು ಗಂಟೆಗೆ ಸಮಿತಿ ಕೂತಿತು. ಮೊದಲ ಹತ್ತು ಹಾಡು ಸಲೀಸಾಗಿ ಮುಗಿದವು. ಹನ್ನೊಂದನೇ ಹಾಳೆ ಕೈಗೆ ಬಂದದ್ದೇ ಅಧ್ಯಕ್ಷರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಇಷ್ಟು ಚುಕ್ಕೆ ಇಟ್ಟ ಹಾಡು ಈ ಮೇಜಿಗೆ ಬಂದೇ ಇಲ್ಲ ಅಂದರು. ವಕೀಲರು ಬೆರಳಿಟ್ಟು ಎಣಿಸತೊಡಗಿ ಮೂವತ್ತರ ಹತ್ತಿರ ಕೈಬಿಟ್ಟರು. ಅಧ್ಯಕ್ಷರು ಪೆನ್ಸಿಲ್ ಹಿಡಿದು ತುಂಬಿಸುತ್ತಾ ಹೋದರು. ಅಕಾರಕ್ಕೆ ಒಂದು, ಕೆಕಾರಕ್ಕೆ ಒಂದು, ಹೊಕಾರಕ್ಕೆ ಒಂದು. ಅಡುಗೆಮನೆಯಲ್ಲಿ ಗುಡುಗಬೇಕಾದ ಗುಡುಗು ಯಾವ ಯಾವುದೋ ಜಾಗದಲ್ಲಿ ಗುಡುಗಿತು, ಕೆನ್ನೆಯ ಮೇಲೆ ಬೀಳಬೇಕಾದ ಸಿಡಿಲು ಹೇಳಬಾರದ ಕಡೆ ಬಿತ್ತು. ಹೊದಿಕೆ ಏನಾಯಿತು ಅಂತ ಬರೆಯದಿರುವುದೇ ವಾಸಿ. ಡಾಕ್ಟರಮ್ಮ ಮುಖ ಸಿಂಡರಿಸಿ ಹಾಳೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿದರು.

ದಿನಾ ಆಸ್ಪತ್ರೆಯಲ್ಲಿ ಹೊಡೆಸಿಕೊಂಡು ಬಂದವರಿಗೆ ಹೊಲಿಗೆ ಹಾಕುತ್ತೇನೆ, ಅವರನ್ನು ಹೊಡೆದವರು ಇಂಥವರೇ ಅಂತ ಅವರು ಹೇಳಿದರು. ಇವನಿಗೆ ಮದುವೆಯಾದರೆ ಆ ಹುಡುಗಿಯ ಗತಿ ನೆನೆಸಿಕೊಳ್ಳಿ ಅಂದರು. ವಕೀಲರು ಹೌದು ಹೌದು ಅಂದರು.

"ಇಂಥ ಮಗನ್ನ ಯಾವ ತಾಯಿ ಹೆತ್ತಳೋ" ಅಂದರು ಅಧ್ಯಕ್ಷರು. "ಮನೇಲಿ ಒಂದು ಒಳ್ಳೇ ಮಾತು ಕೇಳಿ ಬೆಳೆದಿದ್ರೆ ಹೀಗಾಗ್ತಿರಲಿಲ್ಲ. ನಮ್ಮ ವಾರ್ತೆಯವರಂಥ ಅಪ್ಪ ಇರಬೇಕಿತ್ತು ಇವನಿಗೆ."

ಲಕೋಟೆ ಒಡೆಸಿ ಕಾಲೇಜಿಗೆ ಪತ್ರ ಬರೆಯುವುದು ಅಂತ ತೀರ್ಮಾನವಾಯಿತು. ಬರೆದುಕೊಳ್ಳಮ್ಮ ಅಂತ ಅಧ್ಯಕ್ಷರು ಅವಳ ಕಡೆ ತಿರುಗಿದರು. ಹೋದ ತಿಂಗಳ ಒಕ್ಕಣೆಯೇ ಸಾಕು, ಇನ್ನೂ ಸ್ವಲ್ಪ ಖಾರವಾಗಿರಲಿ ಅಂದರು.

ಟೈಪಮ್ಮ ಪೆನ್ನು ಹಿಡಿದಳು. ದಿನಾಂಕ ಬರೆದಳು. ಮಾನ್ಯ ಪ್ರಾಂಶುಪಾಲರಿಗೆ ಅಂತ ಬರೆದಳು. ಗಂಡನನ್ನು ಮುಚ್ಚಿಡಲು ಹೋಗಿ ಮಗನ ಮೈಗೆ ಕೆಸರು ಮೆತ್ತಿದ್ದೇನೆ ಅಂತ ಅವಳಿಗೆ ಆಗ ಸ್ಪಷ್ಟವಾಯಿತು. ವಾರ್ತೆ ಅನ್ನುವ ಮಾತು ಹಾಳೆಯಲ್ಲಿ ಉಳಿದಿದ್ದರೆ, ಬೈಯುವವನು ಹುಡುಗನಲ್ಲ, ಹುಡುಗ ಇನ್ನೊಬ್ಬರ ಬೈಗುಳ ಓದಿ ತೋರಿಸುತ್ತಿದ್ದಾನೆ ಅಂತ ಎಂಥವರಿಗೂ ತಿಳಿಯುತ್ತಿತ್ತು. ಅದನ್ನು ಅಳಿಸಿದವಳು ಅವಳೇ. ಓದಿದರೆ ಮಗ ಹೋಗುತ್ತಾನೆ, ಕೇಳಿದರೆ ಗಂಡನ ಹೆಸರು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಪೆನ್ನಿಗೆ ಮುಚ್ಚಳ ಹಾಕಿದಳು.

"ಸರ್, ಇದನ್ನ ಒಂದ್ಸಲ ಕೇಳಿಬಿಡಿ" ಅಂದಳು.

ಎಂಟು ವರ್ಷದಲ್ಲಿ ಆ ಮೂಲೆಯಿಂದ ಮಾತು ಬಂದದ್ದು ಅದೇ ಮೊದಲು. ಅಧ್ಯಕ್ಷರು ನಕ್ಕು, ಓದಿಯೇ ಕಿವಿ ತೊಳೆದುಕೊಳ್ಳುವ ಹಾಗಾಗಿದೆ, ಕೇಳುವುದು ಬೇರೆ ಕೇಡು ಅಂದರು. ಅವಳು ಎದ್ದು ನಿಂತಳು. ಚುಕ್ಕೆ ಇಟ್ಟದ್ದರಲ್ಲಿ ತಪ್ಪಾಗಿದೆ, ಕೆಟ್ಟ ಮಾತಲ್ಲದ್ದಕ್ಕೂ ಇಟ್ಟಿದ್ದೇನೆ, ಕೆ ಅಂದರೆ ಕೆನ್ನೆ, ಅ ಅಂದರೆ ಅಡುಗೆಮನೆ ಅಂತ ಒಂದೇ ಉಸಿರಿಗೆ ಹೇಳಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ತಾವು ಪೆನ್ಸಿಲಿನಲ್ಲಿ ತುಂಬಿಸಿದ್ದರ ಮೇಲೆ ಮೆಲ್ಲಗೆ ಅಂಗೈ ಮುಚ್ಚಿದರು. ಹಾಕಿ ನೋಡೋಣ ಅಂದವರು ಡಾಕ್ಟರಮ್ಮ.

ಟೈಪಮ್ಮ ಕಂಪ್ಯೂಟರನ್ನು ಮೇಜಿನ ಕಡೆ ತಿರುಗಿಸಿ ಹಾಡು ಹಚ್ಚಿದಳು. ತಾಳ ಬಡಿಯಿತು. "ನಮಸ್ಕಾರ. ವಾರ್ತೆಗಳು" ಅಂದಿತು ದನಿ.

ಅಧ್ಯಕ್ಷರ ಬೆನ್ನು ನೆಟ್ಟಗಾಯಿತು. ಅವರಿಗೆ ರ‍್ಯಾಪಿನ ವೇಗ ಹಿಡಿಯಲು ಬರುವುದಿಲ್ಲ ಅನ್ನುವುದೆಲ್ಲ ಸುಳ್ಳಾಯಿತು, ಯಾಕೆಂದರೆ ಆ ದನಿ ಓಡುತ್ತಿರಲಿಲ್ಲ. ತಾಳ ಕೆಳಗೆ ಓಡುತ್ತಿತ್ತು, ದನಿ ಮಾತ್ರ ಮೇಲೆ ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಜಾಗ ಕೊಟ್ಟು, ಇಪ್ಪತ್ತಾರು ವರ್ಷ ಏಳು ಗಂಟೆಗೆ ನಡೆದ ಹಾಗೇ ನಡೆಯುತ್ತಿತ್ತು. ಮುಂಡೆ ಅಂದಿತು. ಬೋಳಿ ಅಂದಿತು. ವಕೀಲರ ಬಾಯಿ ಅರ್ಧ ತೆರೆದುಕೊಂಡೇ ಇತ್ತು. ಟೈಪಮ್ಮ ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದಳು. ಒಬ್ಬಳೇ ಹೆಡ್‌ಫೋನಿನಲ್ಲಿ ಕೇಳಿದ್ದು ಬೇರೆ, ಮೂವರ ಎದುರು ಕೋಣೆ ತುಂಬ ಕೇಳುವುದು ಬೇರೆ. ಮೈಮೇಲಿನ ಬಟ್ಟೆ ಒಂದೊಂದಾಗಿ ಜಾರುತ್ತಿರುವ ಹಾಗೆ ಅನ್ನಿಸಿತು.

ಹೊದಿಕೆಯ ಸಾಲು ಬರುವ ಮೊದಲೇ ಅಧ್ಯಕ್ಷರು ಕೈಯೆತ್ತಿ ನಿಲ್ಲಿಸಲು ಹೇಳಿದರು. ಅವರ ಮುಖ ಕೆಂಪಾಗಿತ್ತು. ಇದು ಮೊದಲು ಅಂದುಕೊಂಡದ್ದಕ್ಕಿಂತ ಹೀನಾಯ, ಸತ್ತ ಮನುಷ್ಯನ ದನಿ ಕದ್ದು ಅವನ ಬಾಯಲ್ಲಿ ಹೊಲಸು ತುಂಬಿದ್ದಾನೆ ಅಂದರು. ಕಾಲೇಜಿಗಲ್ಲ, ಪೊಲೀಸರಿಗೇ ಬರೆಯಬೇಕು ಅಂದರು. ಕೇಸು ನಿಲ್ಲುತ್ತದೆಯೇ ಅಂತ ವಕೀಲರನ್ನು ಕೇಳಿದರು. ಅಧ್ಯಕ್ಷರು ಟೈಪಮ್ಮನ ಕಡೆ ತಿರುಗಿದಾಗ ಅವರ ಕಣ್ಣಲ್ಲಿ ನೀರಿತ್ತು. ನಿನಗೆ ಇದನ್ನ ಕೇಳೋ ಗತಿ ಬಂತಲ್ಲಮ್ಮ ಅಂದರು. ಪಾಪ, ಮನಸಾರೆ ಅಂದದ್ದೇ ಅದು.

ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಅವಳ ಪಾಲಿಗೆ ಕನಿಕರ ತಯಾರಾಗಿತ್ತು, ಕಣ್ಣೊರೆಸಿಕೊಂಡರೆ ಸಾಕಿತ್ತು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಲಕೋಟೆ ಒಡೆಯೋದು ಬೇಡ ಸರ್. ಅವನು ನನ್ನ ಮಗ" ಅಂದಳು.

ಹಾಡು ನಿಂತಿದ್ದ ಕಂಪ್ಯೂಟರಿನ ಕಡೆ ಕೈ ತೋರಿಸಿ ಮುಂದುವರಿಸಿದಳು:

"ದನಿ ಕದ್ದಿಲ್ಲ. ಅಪ್ಪನದೇ ಬಂದಿದೆ ಅವನಿಗೆ. ಮಾತೂ ಅವನದಲ್ಲ. ಎಲ್ಲ ಅವರದೇ."

ಅಧ್ಯಕ್ಷರು ತಲೆ ಅಲ್ಲಾಡಿಸಿದರು. ಕೋಪಕ್ಕಿಂತ ಹೆಚ್ಚಾಗಿ ಅದು ಬೇಡಿಕೊಳ್ಳುವ ಹಾಗಿತ್ತು. ತಾನು ಎಷ್ಟು ಸಲ ಅವರ ಮನೆಗೆ ಬಂದಿಲ್ಲ, ಅವಳ ಕೈಯಡುಗೆ ಉಂಡಿಲ್ಲ, ಒಂದೇ ಒಂದು ದಿನ ಅವರ ಬಾಯಲ್ಲಿ ಅಂಥ ಮಾತು ಕೇಳಿಲ್ಲವಲ್ಲ ಅಂತ ವರ್ಷ, ಹಬ್ಬ, ಹುಟ್ಟಿದ ದಿನಗಳ ಲೆಕ್ಕ ಕೊಟ್ಟರು. ತಾನು ಕೂತಿರುತ್ತಿದ್ದ ಕುರ್ಚಿಯನ್ನೂ ನೆನಪು ಮಾಡಿದರು. "ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗ್ತಿರಲಿಲ್ವೇನಮ್ಮ?" ಅಂದರು.

"ನೀವು ಹೋದ ಮೇಲೆ ಸರ್" ಅಂದಳು ಟೈಪಮ್ಮ.

ಅಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಮನುಷ್ಯ ಕುಸಿದು ಕೂತದ್ದನ್ನು ವಕೀಲರು ಆಮೇಲೆ ಯಾರಿಗೂ ಹೇಳಲಿಲ್ಲ. ಡಾಕ್ಟರಮ್ಮ ಎದ್ದು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಅಭ್ಯಾಸಬಲದಿಂದ ಅವಳ ಮಣಿಕಟ್ಟಿನ ನಾಡಿ ಹಿಡಿದು ನೋಡಿದರು, ಆಮೇಲೆ ನಾಡಿ ನೋಡುವುದು ಮರೆತು ಸುಮ್ಮನೆ ಕೈ ಹಿಡಿದುಕೊಂಡಿದ್ದರು. ಹಾಡು ಇನ್ನೂ ಉಳಿದಿದೆಯಾ ಅಂತ ಕೇಳಿದರು. ಎರಡು ಸಾಲಿದೆ ಅಂದಳು. ಹಾಕಿದರು. ಹೊದಿಕೆಯ ಸಾಲನ್ನು ನಾಲ್ವರೂ ಕೇಳಿದರು.

ಕೊನೆಗೆ ಪತ್ರ ಬೇಡ ಅಂತಾಯಿತು. ವಕೀಲರು ಅವಳು ಅರ್ಧ ಬರೆದಿದ್ದ ಹಾಳೆಯನ್ನು ಇಸಿದುಕೊಂಡು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು. ಹಾಡು ರೇಡಿಯೋದಲ್ಲಿ ಬರಬೇಕೋ ಬೇಡವೋ ಅನ್ನುವುದು ಮುಂದಿನ ವಾರಕ್ಕೆ ಹೋಯಿತು. ಹಾಕಲೇಬೇಕು ಅಂತ ಡಾಕ್ಟರಮ್ಮ, ಮಗನೂ ತಾಯಿಯೂ ಒಪ್ಪಿದರೆ ಮಾತ್ರ ಅಂತ ವಕೀಲರು. ಅಧ್ಯಕ್ಷರು ಯಾವ ಕಡೆಗೂ ಹೇಳಲಿಲ್ಲ. ಹನ್ನೆರಡನೇ ಹಾಡನ್ನು ಓದದೇ ಸಹಿ ಮಾಡಿ ಹೋದರು.

ಟೈಪಮ್ಮ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ಮಗನ ಎದುರು ಹೇಗೆ ನಿಲ್ಲುವುದು ಅಂತಲೇ ಅವಳಿಗೆ ದಿಗಿಲು. ಸಮಿತಿಯ ಮುಂದೆ ನಿಂತದ್ದೇ ಇದಕ್ಕಿಂತ ಸುಲಭ ಅನ್ನಿಸಿತು. ಅವನು ಆಗಲೇ ಬಂದು, ಬೆಳಗಿನ ಪಾತ್ರೆಗಳನ್ನೆಲ್ಲ ತೊಳೆದು ಒರೆಸುತ್ತಾ ನಿಂತಿದ್ದ. ಯಾರೂ ಹೇಳದೆ ಕೆಲಸ ಮಾಡುವ ಮಗನಲ್ಲ ಅವನು. ಅವನಿಗೂ ಹೆದರಿಕೆಯಾಗಿದೆ ಅಂತ ಅದರಲ್ಲೇ ತಿಳಿಯಿತು.

ಅವಳು ಬ್ಯಾಗು ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪತ್ರಗಿತ್ರ ಏನೂ ಹೋಗುತ್ತಿಲ್ಲ, ಪರೀಕ್ಷೆಗೆ ಓದಿಕೋ ಅಂದಳು. ಎಲ್ಲರಿಗೂ ಗೊತ್ತಾಯಿತು, ನಾನೇ ಹೇಳಿದೆ ಅಂದಳು. ಅವನು ತಿರುಗಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ, ಬೇಜಾರಾಯ್ತಾ ಅಂತ ಕೇಳಿದ.

"ನೀನು ಮಲಗಿರ್ತಿದ್ದೆ ಅಂದ್ಕೊಂಡಿದ್ದೆ ಕಣೋ" ಅಂದಳು.

"ನೀನು ಅಳ್ತಿರಲಿಲ್ಲಮ್ಮ. ಯಾವಾಗ ಅಳ್ತೀಯೋ ಅಂತ ಕಾಯ್ತಿದ್ದೆ. ನಿದ್ದೆ ಎಲ್ಲಿಂದ ಬರಬೇಕು."

ಅವಳು ಒಳಗೆ ಬಂದು ಅವನ ಪಕ್ಕ ನಿಂತಳು.

"ಹಾಡಲ್ಲಿ ಒಂದು ಬಿಟ್ಟುಹೋಗಿದೆ" ಅಂದಳು. "ನಿನಗೆ ಗೊತ್ತಿಲ್ಲ ಅದು. ಅವತ್ತು ನೀನು ಚಿಕ್ಕಮ್ಮನ ಮನೇಲಿದ್ದೆ."

ಅಧ್ಯಕ್ಷರು ಊಟಕ್ಕೆ ಬಂದಿದ್ದರು, ಉಣ್ಣುತ್ತಾ ಏನೋ ತಮಾಷೆ ಮಾಡಿದರು, ನನಗೆ ನಗು ಬಂದು ನಕ್ಕುಬಿಟ್ಟೆ ಅಂತ ಅವಳು ಹೇಳಿದಳು. ಏನು ತಮಾಷೆ ಅನ್ನುವುದು ಈಗ ನೆನಪಿಲ್ಲ, ಚೆನ್ನಾಗಿತ್ತು. ಅವರನ್ನು ಗೇಟಿನ ತನಕ ಬಿಟ್ಟು ಬಂದು, ಬಾಗಿಲು ಹಾಕಿ, ನಿಮ್ಮಪ್ಪ ನನ್ನ ಗದ್ದ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದರು ಅಂದಳು. ಆಮೇಲೆ, ಇಷ್ಟು ವರ್ಷದಲ್ಲಿ ಒಂದು ಸಲವೂ ತನ್ನ ಬಾಯಿಂದ ಆಡದಿದ್ದ ಮಾತನ್ನು, ಒಂದಕ್ಷರವನ್ನೂ ನುಂಗದೆ ಆಡಿದಳು.

"'ಸೂಳೆಮುಂಡೆ, ನಗೋದಕ್ಕೆ ಇನ್ನೂ ಹಲ್ಲಿದೆಯಾ ನಿಂಗೆ' ಅಂದ್ರು."

ಮಗ ತಟ್ಟೆ ಒರೆಸುತ್ತಲೇ ಇದ್ದ. ಅದು ಯಾವಾಗಲೋ ಒಣಗಿತ್ತು. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಗೂಡಿನಲ್ಲಿಟ್ಟು, ಒದ್ದೆಯಿದ್ದ ಇನ್ನೊಂದು ತಟ್ಟೆಯನ್ನು ಅವನ ಕೈಗೆ ಕೊಟ್ಟಳು.